ಕಡೇ ಹೊಲಕ್ಕೂ ನೀರು ಮುಟ್ಟಿತ್ತು

ಬಾಲಿಯಿಂದ ಹುಬ್ಬಳ್ಳಿಗೆ ಬಂದು ಹತ್ತು ದಿನ ಆಯಿತು. ನನ್ನ ಬೂಟಿನ ಹೊಲಿಗೆಯಲ್ಲಿ ಅಲ್ಲಿನ ಗದ್ದೆಯ ಕೆಸರು ಇನ್ನೂ ಹಾಗೇ ಇದೆ. ತೊಳೆಯಲು ಮನಸ್ಸು ಬಂದಿಲ್ಲ.

ನಾನು ಮತ್ತು ನಮ್ಮನೆಯವರು ಐದು ದಿನ ಅಲ್ಲಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಬೆನ್ನಚೀಲ. ನನ್ನ ಚೀಲದ ಅರ್ಧ ಭಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಾಲಿ ನಮ್ಮ ಹಾವೇರಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಷ್ಟರೊಳಗೆ 2024ರಲ್ಲಿ 60 ಲಕ್ಷಕ್ಕೂ ಜಾಸ್ತಿ ವಿದೇಶಿಯರು ಬಂದು ಹೋಗಿದ್ದಾರೆ. ಕೂಟಾ ಬೀದಿಯಲ್ಲಿ ನಿಂತರೆ ಆ ಲೆಕ್ಕ ಗೊತ್ತಾಗುತ್ತದೆ. ಸ್ಕೂಟರ್ ಹಿಂದೆ ಸ್ಕೂಟರ್, ಫುಟ್‌ಪಾತ್ ಮೇಲೂ ಸ್ಕೂಟರ್. ಸಮುದ್ರ ನೋಡಿದೆವು, ಸೂರ್ಯ ಮುಳುಗುವುದನ್ನು ನೋಡಿದೆವು. ಮರುದಿನ ಬೆಳಿಗ್ಗೆ ಉಬುದ್‌ಗೆ ಹೊರಟೆವು.

ಉಬುದ್‌ನಲ್ಲಿ ಒಂದು ಮನೆಯ ಅಂಗಳದಲ್ಲೇ ನಮ್ಮ ಕೋಣೆ. ಬೆಳಗಾದರೆ ಮನೆಯ ಅಮ್ಮ ಎಳೇ ಗರಿಯಿಂದ ಹೆಣೆದ ಪುಟ್ಟ ತಟ್ಟೆ ತರುತ್ತಿದ್ದರು. ಅದರಲ್ಲಿ ನಾಲ್ಕು ಬಣ್ಣದ ಹೂವು, ಮೇಲೊಂದು ಊದಿನಕಡ್ಡಿ. ಅದಕ್ಕೆ ಚನಾಂಗ್ ಸಾರಿ ಅನ್ನುತ್ತಾರೆ. ಮೆಟ್ಟಿಲಿಗೊಂದು, ಬಾಗಿಲಿಗೊಂದು, ನಮ್ಮ ಬಾಡಿಗೆ ಸ್ಕೂಟರಿಗೂ ಒಂದು. ಇಡುವಾಗ ಯಾವ ಗಡಿಬಿಡಿಯೂ ಇಲ್ಲ. ನಾನು ದಿನಾ ಅವರಿಗಿಂತ ಮೊದಲೇ ಎದ್ದು ಕೂತಿರುತ್ತಿದ್ದೆ.

ಊಟದ ಚಿಂತೆ ಗಾಡೋ ಗಾಡೋದಿಂದ ಕಳೆಯಿತು. ಬೇಯಿಸಿದ ತರಕಾರಿ, ತೋಫು, ಮೇಲೆ ಶೇಂಗಾ ಸಾರು. ಅಂಗಡಿಯಾಕೆ ಹುರಿದ ಶೇಂಗಾ, ಮೆಣಸಿನಕಾಯಿ, ಬೆಲ್ಲ ಹಾಕಿ ಕಲ್ಲಿನಲ್ಲಿ ನಮ್ಮೆದುರೇ ಅರೆದಳು. ಆ ವಾಸನೆಗೆ ನಮ್ಮವ್ವನ ಅಡುಗೆಮನೆ ನೆನಪಾಯಿತು. ಸಸ್ಯಾಹಾರಿಗಳಿಗೆ ಒಂದು ಮಾತು: ಚಟ್ನಿಗಳಲ್ಲಿ ಸೀಗಡಿ ಹಾಕಿರುತ್ತಾರೆ. 'ತನ್ಪಾ ತೆರಾಸಿ', ಅಂದರೆ ಸೀಗಡಿ ಬೇಡ, ಅಂತ ಮೊದಲೇ ಹೇಳಿ.

ನಾಲ್ಕನೇ ದಿನ ಜತಿಲುವಿಹ್‌ಗೆ ಹೋದೆವು. ಬಟುಕಾರು ಬೆಟ್ಟದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ನನ್ನ ತವರು ಹಾನಗಲ್ ಕಡೆ. ಭತ್ತ ನನಗೆ ಹೊಸದಲ್ಲ. ಆದರೆ ಬದುವಿನ ಮೇಲೆ ನಡೆಯುತ್ತಾ ಒಂದು ಕಡೆ ನನ್ನ ಕಾಲು ನಿಂತೇ ಬಿಟ್ಟಿತು.

ಕಾಲುವೆಗೆ ಅಡ್ಡಲಾಗಿ ಒಂದು ಮರದ ತುಂಡು. ಅದರಲ್ಲಿ ಮೂರು ಕಚ್ಚು. ಎರಡು ಕಚ್ಚು ಒಂದೊಂದು ಗೇಣಗಲ, ಇನ್ನೊಂದು ಅದರ ಅರ್ಧ. ನೀರು ಬಂದು ಮರಕ್ಕೆ ಮುಟ್ಟಿ ಮೂರು ಪಾಲಾಗಿ ಮೂರು ದಾರಿ ಹಿಡಿಯುತ್ತಿತ್ತು. ಮರದ ಅಂಚಿಗೆ ಪಾಚಿ. ಬಾಗಿಲಿಲ್ಲ, ಕೀಲಿಯಿಲ್ಲ, ಕಾವಲಿಗೆ ಯಾರೂ ಇಲ್ಲ. ಪಾಲು ಎಷ್ಟೋ ಕಚ್ಚು ಅಷ್ಟಗಲ.

ತವರಿನಲ್ಲಿ ನಮ್ಮ ಗದ್ದೆ ಕಾಲುವೆಯ ಕೊನೆಯಲ್ಲಿದೆ. ಮೇಲಿನವರು ಬಿಟ್ಟರೆ ನಮಗೆ ನೀರು. ನಾನು ಚಿಕ್ಕವಳಿದ್ದಾಗ ಅಪ್ಪ ಬ್ಯಾಟರಿ ಹಿಡಿದು ರಾತ್ರಿ ನೀರು ಕಟ್ಟಲು ಹೋಗುತ್ತಿದ್ದ. ಎಷ್ಟೋ ಸಲ ಒಣ ಕಾಲಲ್ಲೇ ವಾಪಸ್ ಬರುತ್ತಿದ್ದ. ಅವ್ವ ಕಾಲು ನೋಡಿ ಏನೂ ಕೇಳುತ್ತಿರಲಿಲ್ಲ.

"ಮಾವಾರಿಗೆ ತೋರಸ್ರಿ ಇದನ್ನ" ಅಂದೆ. ನಮ್ಮನೆಯವರು ಆಗಲೇ ಫೋನ್ ಹಚ್ಚಿದ್ದರು. ಅಲ್ಲಿ ಹತ್ತೂವರೆ, ಹಾನಗಲ್‌ನಲ್ಲಿ ಎಂಟು. ಅಪ್ಪ ಚಹಾ ಕಪ್ಪು ಕೆಳಗಿಟ್ಟು ಫೋನನ್ನು ಕಣ್ಣಿಗೆ ಹತ್ತಿರ ತಂದ.

"ಮ್ಯಾಲಿನಾವ ಯಾಕ ನೀರು ಬಿಡ್ತಾನವಾ?"

ಅದನ್ನೇ ನಾನು ಚಹಾದಂಗಡಿಯ ಹುಡುಗನಿಗೆ ಕೇಳಿದ್ದೆ. ಒಂದೇ ನೀರಿನ ರೈತರೆಲ್ಲ ಸೇರಿ ಒಂದು ಸಂಘ. ಅದಕ್ಕೆ ಸುಬಾಕ್ ಅನ್ನುತ್ತಾರೆ. 11ನೇ ಶತಮಾನದ ಶಾಸನಗಳಲ್ಲೇ ಅದರ ಮಾತಿದೆ. 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡುವುದು ಎಲ್ಲವೂ ನೀರಿನ ಗುಡಿಯಲ್ಲಿ ಕೂತು ತೀರ್ಮಾನ ಆಗುತ್ತದೆ. ಎಲ್ಲರ ಗದ್ದೆಯೂ ಒಟ್ಟಿಗೇ ಖಾಲಿಯಾದರೆ ಇಲಿಗೆ, ಹುಳಕ್ಕೆ ತಿನ್ನಲು ಏನೂ ಸಿಗದು. ಕೆಳಗಿನವನಿಗೆ ನೀರು ಸಿಗದೆ ಅವನು ತಡವಾಗಿ ನೆಟ್ಟರೆ ಹುಳ ಮೇಲಿನವನ ಗದ್ದೆಗೂ ಹತ್ತುತ್ತದೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಬಿಡುವಿಲ್ಲದೆ ನೆಡಿರಿ ಅಂದಿತ್ತು. ಜಿಗಿಹುಳು ಬಿದ್ದು ಬೆಳೆ ಹಾಳಾಯಿತು. ಆಮೇಲೆ ಮತ್ತೆ ಗುಡಿಯ ಲೆಕ್ಕಕ್ಕೇ ಬಂದರು.

ಇದನ್ನೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡ. ಆಮೇಲೆ ಅಂದ:

"ಕಡೀ ಹೊಲಕ್ಕ ನೀರು ಮುಟ್ಟೇತೇನು? ಅಲ್ಲೀತನಕ ಹೋಗಿ ತೋರಸವಾ."

ಇಬ್ಬರೂ ಬದು ಹಿಡಿದು ಇಳಿದೆವು. ಬಿಸಿಲು ಏರಿತ್ತು. ನಮ್ಮನೆಯವರು ಫೋನ್ ಅಲುಗದ ಹಾಗೆ ಎದೆಗೆ ಹಿಡಿದಿದ್ದರು. ಕೆಳಗಿನ ಕೊನೆಯ ಮಡಿಗೆ ಬರಲು ಇಪ್ಪತ್ತು ನಿಮಿಷ ಬೇಕಾಯಿತು. ನಾನು ಬೂಟು ಸಮೇತ ಒಳಗೆ ಕಾಲಿಟ್ಟೆ. ನೀರು ಹರಡಿನವರೆಗೆ ಬಂತು.

ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಂಗ ಹಿಡೀರಿ ಇನ್ನೊಂದೀಟು" ಅಂದ.