ಮಳೆಯಲ್ಲಿ ಲಿಸ್ಬನ್: ಹತ್ತುವುದು ನಡೆದು, ಇಳಿಯುವುದು ಲಿಫ್ಟಿನಲ್ಲಿ

ಡಿಸೆಂಬರ್ ರಜೆಗೆ ಗುಡ್ಡಗಳ ಮೇಲೆ ಹರಡಿರುವ ಪೋರ್ಚುಗಲ್ ರಾಜಧಾನಿ ಲಿಸ್ಬನ್ ನಗರವನ್ನು ಆರಿಸಿಕೊಳ್ಳುವವರು ಎಲ್ಲಕ್ಕಿಂತ ಮೊದಲು ಅಲ್ಲಿನ ನೆಲದ ಬಗ್ಗೆ ತಿಳಿದುಕೊಳ್ಳಬೇಕು. ಊರಿನ ಹೆಚ್ಚಿನ ಕಾಲುದಾರಿಗಳಿಗೆ ಅಂಗೈಗಿಂತ ಚಿಕ್ಕದಾದ ಸುಣ್ಣಕಲ್ಲಿನ ತುಂಡುಗಳನ್ನು ಒಂದೊಂದಾಗಿ ಕೈಯಲ್ಲೇ ಕೂರಿಸಿ ಹಾಸಿದ್ದಾರೆ. ರೊಸ್ಸಿಯು ಚೌಕದಲ್ಲಿ 1848ರ ಸುಮಾರಿಗೆ ಮೊದಲು ಮೂಡಿಸಿದ ಕಪ್ಪು ಬಿಳುಪಿನ ಅಲೆಗಳ ವಿನ್ಯಾಸವಂತೂ ನೋಡಲೇಬೇಕಾದದ್ದು. ಆದರೆ ತಲೆಮಾರುಗಳ ತುಳಿತಕ್ಕೆ ಆ ಕಲ್ಲು ಗಾಜಿನಷ್ಟು ನುಣುಪಾಗಿದ್ದು, ನಾಲ್ಕು ಹನಿ ಬಿದ್ದರೆ ಸಾಕು, ಕಾಲು ನಿಲ್ಲುವುದಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿ ಮಳೆಯೇ ಇಲ್ಲವೆನ್ನಬಹುದು. ನಾವು ನೋಡಿಕೊಂಡು ಹೋದ ಚಿತ್ರಗಳೆಲ್ಲ ಆ ದಿನಗಳವು. ಚಳಿಗಾಲದ ಮಳೆ ಅಟ್ಲಾಂಟಿಕ್ ಸಾಗರದ ಗಾಳಿಯೊಂದಿಗೆ ಅಡ್ಡಡ್ಡ ಹೊಡೆಯುತ್ತದೆ, ಕೊಡೆ ಮಗುಚಿಕೊಳ್ಳುತ್ತದೆ. ಆದ್ದರಿಂದ ಟೋಪಿಯಿರುವ ರೇನ್‌ಕೋಟನ್ನೂ, ತಳದಲ್ಲಿ ಆಳವಾದ ಗೆರೆಗಳಿರುವ ರಬ್ಬರಿನ ಬೂಟನ್ನೂ ಊರಿನಿಂದಲೇ ಒಯ್ಯಿರಿ.

ಹತ್ತುವಾಗ ದೇಹದ ಭಾರ ಮುಂದಕ್ಕಿರುವುದರಿಂದ ಅಷ್ಟು ಭಯವಿಲ್ಲ. ಇಳಿಯುವಾಗ ಹಿಮ್ಮಡಿ ಊರಿದೊಡನೆ ಜಾರುತ್ತದೆ. ಆಲ್ಫಾಮಾ ಎಂಬ ಹಳೆಯ ಬಡಾವಣೆಯ ಒಂದು ಇಳಿಜಾರಿನಲ್ಲಿ ಜೊತೆಗಿದ್ದ ಅತ್ತೆಯವರು ಗೋಡೆಗೆ ಹಾಕಿದ್ದ ಕಬ್ಬಿಣದ ಸರಳನ್ನು ಹಿಡಿದುಕೊಂಡು, ಒಂದು ಹೆಜ್ಜೆಯನ್ನೂ ಮುಂದಿಡಲು ಒಪ್ಪದೆ ನಿಂತುಬಿಟ್ಟರು. ಅಂದಿನಿಂದ ಹತ್ತುವುದನ್ನು ಮಾತ್ರ ನಡೆದು, ಇಳಿಯುವುದಕ್ಕೆ ಲಿಫ್ಟು ಹುಡುಕಿದೆವು. ಗುಡ್ಡದ ಮೇಲಿನ ಕೋಟೆಯ ಕಡೆಯಿಂದ ಬರುವವರಿಗೆ ಶಾವ್ ದೊ ಲೊರೇರೊ ಎಂಬ ಕಾರ್ ಪಾರ್ಕಿಂಗ್ ಕಟ್ಟಡದ ಲಿಫ್ಟಿದೆ. ಅಲ್ಲಿಂದ ತುಸು ನಡೆದರೆ ಮದಲೇನಾ ಬೀದಿಯಿಂದ ಫಾಂಕೇರುಷ್ ಬೀದಿಗೆ ಇಳಿಸುವ ಇನ್ನೊಂದು ಲಿಫ್ಟು. ಎರಡಕ್ಕೂ ಟಿಕೆಟ್ ಇಲ್ಲ. ಶಿಯಾದು ಭಾಗದಿಂದ ಕೆಳಗಿನ ಬೈಷಾಗೆ ಬರಲು ಬೈಷಾ–ಶಿಯಾದು ಮೆಟ್ರೋ ನಿಲ್ದಾಣದ ಉದ್ದನೆಯ ಎಸ್ಕಲೇಟರ್‌ಗಳನ್ನು ಬಳಸಿ. ಗೇಟು ದಾಟದೆಯೇ ಇನ್ನೊಂದು ಬಾಗಿಲಿನಿಂದ ಹೊರಬರಬಹುದು, ಮಳೆಯೂ ತಪ್ಪುತ್ತದೆ. 1755ರ ಭೂಕಂಪದ ನಂತರ ನೇರ ಬೀದಿಗಳಿಟ್ಟು ಹೊಸದಾಗಿ ಕಟ್ಟಿದ ಬೈಷಾ ಭಾಗವು ಸಮತಟ್ಟಾಗಿದ್ದು, ವಯಸ್ಸಾದವರು ಅಲ್ಲಿ ನಿಶ್ಚಿಂತೆಯಿಂದ ಅಡ್ಡಾಡಬಹುದು.

ಕೋಣೆಯ ವಿಷಯದಲ್ಲಿ ನಮಗೆ ಮೋಸವಾಯಿತು ಎಂದೇ ಹೇಳಬೇಕು. ಹಳೆಯ ಕಟ್ಟಡದ ಮೂರನೇ ಮಹಡಿಯ ಮನೆಗೆ ದುಬಾರಿ ಬಾಡಿಗೆ ಕೊಟ್ಟಿದ್ದೆವು. ವಿವರದಲ್ಲಿ ಕೋಣೆಗೆ ಬಿಸಿಯ ವ್ಯವಸ್ಥೆ ಇದೆಯೆಂದು ಬರೆದಿದ್ದರು. ಆ ವ್ಯವಸ್ಥೆಯೆಂದರೆ ಗಾಲಿಗಳಿರುವ ಒಂದು ಪುಟ್ಟ ಹೀಟರ್. ಅದನ್ನು ರಾತ್ರಿ ಹಚ್ಚಿದರೆ ವಿದ್ಯುತ್ತಿಗೆ ಬೇರೆ ಹಣ ಕೊಡಬೇಕೆಂದು ಮನೆಯ ಮಾಲೀಕರು ತಿಳಿಸಿದ್ದು ನಾವು ಪೆಟ್ಟಿಗೆ ಬಿಚ್ಚಿದ ಮೇಲೆ. ಮಂಚದ ಹಿಂದಿನ ಗೋಡೆಯಲ್ಲಿ ಬೂಷ್ಟು, ಹೊದಿಕೆಯಲ್ಲಿ ಮುಗ್ಗಲು ವಾಸನೆ. ಒಗೆದ ಕಾಲುಚೀಲ ಮೂರನೆಯ ದಿನವೂ ಒಣಗಲಿಲ್ಲ. ಅಲ್ಲಿನ ಹಳೆಯ ಮನೆಗಳಲ್ಲಿ ಕಟ್ಟಡಕ್ಕೆಲ್ಲ ಬಿಸಿ ಹರಿಸುವ ಏರ್ಪಾಡು ಅಪರೂಪ. ಹೊರಗಿನ ಚಳಿ ಹತ್ತು ಡಿಗ್ರಿಯ ಆಸುಪಾಸಿನಲ್ಲಿದ್ದರೂ ಒಳಗಿನ ತೇವ ಮೂಳೆಗೆ ಇಳಿಯುತ್ತದೆ. ಹೀಟರ್ ಯಾವ ಬಗೆಯದು, ಅದರ ಖರ್ಚು ಬಾಡಿಗೆಯಲ್ಲೇ ಸೇರಿದೆಯೇ ಎಂಬೆರಡನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕೊಡಬೇಡಿ.

ಆ ಚಳಿಯಿಂದ ನಮ್ಮನ್ನು ಕಾಪಾಡಿದ್ದು ಗ್ರಾಸಾ ಗುಡ್ಡದ ಮೇಲಿನ ಒಂದು ಪುಟ್ಟ ಊಟದ ಅಂಗಡಿ. ಇಂಥವನ್ನು ಅಲ್ಲಿ ಟಾಷ್ಕಾ ಎನ್ನುತ್ತಾರೆ. ಆರೇಳು ಮೇಜು, ಕಾಗದದ ಹಾಸು, ಆ ದಿನದ ಅಡುಗೆಯನ್ನು ಕೈಬರಹದಲ್ಲಿ ಬರೆದು ಗಾಜಿಗೆ ಅಂಟಿಸಿದ ಚೀಟಿ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿಗಳನ್ನು ಬೇಯಿಸಿ ನುಣ್ಣಗೆ ಅರೆದು, ಮೇಲೆ ಸೊಪ್ಪು ಹಾಕಿ ಕುದಿಸಿದ ಸೂಪನ್ನು ಸ್ಟೀಲಿನ ಪಾತ್ರೆಯಲ್ಲಿ ಹೊಗೆಯಾಡುತ್ತಿರುವಂತೆಯೇ ತಂದಿಡುತ್ತಿದ್ದರು. ಮೇಲೊಂದು ಸುತ್ತು ಆಲಿವ್ ಎಣ್ಣೆ, ಪಕ್ಕದಲ್ಲಿ ಗಟ್ಟಿ ಸಿಪ್ಪೆಯ ರೊಟ್ಟಿ. ಎರಡು ಯೂರೋ ಆಸುಪಾಸಿನ ಆ ಬಟ್ಟಲಿಗಿಂತ ರುಚಿಯಾದದ್ದನ್ನು ಇಡೀ ಪ್ರವಾಸದಲ್ಲಿ ನಾನು ತಿನ್ನಲಿಲ್ಲ. ಅತ್ತೆಯವರು ಖಾರ ಕೇಳಿದಾಗ ಅಡುಗೆಯಾಕೆ ತಾನೇ ಮಾಡಿದ ಪಿರಿಪಿರಿ ಮೆಣಸಿನ ಎಣ್ಣೆಯ ಸೀಸೆಯನ್ನು ತಂದುಕೊಟ್ಟು, ಮರುದಿನದಿಂದ ಕೇಳುವ ಮೊದಲೇ ಮೇಜಿನ ಮೇಲಿಡುತ್ತಿದ್ದಳು. ಸಸ್ಯಾಹಾರಿಗಳು ‘ಸೋಪಾ ದ ಲೆಗೂಮೆಷ್’, ಅಂದರೆ ತರಕಾರಿ ಸೂಪು, ಎಂದು ಕೇಳಿ, ‘ಸೆಂ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂದು ಸೇರಿಸಬೇಕು. ಹಸಿರಾಗಿ ಕಾಣುವ ಕಾಲ್ದು ವೆರ್ದೆ ಎಂಬ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಸಾಸೇಜಿನ ತುಂಡಿರುತ್ತದೆ. ಪ್ರವಾಸಿಗರ ಬೀದಿಗಳಲ್ಲಿ ಕುಳಿತೊಡನೆ ರೊಟ್ಟಿ, ಆಲಿವ್, ಗಿಣ್ಣು ತಂದಿಟ್ಟರೆ ಅದು ಬಿಟ್ಟಿಯಲ್ಲ. ಕೇಳದೆ ತಂದದ್ದನ್ನು ಮುಟ್ಟದಿದ್ದರೆ ಹಣ ಕೊಡಬೇಕಿಲ್ಲವೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಮರಳಿಸಲು ಸಂಕೋಚ ಬೇಡ.

ಮಳೆ ಜೋರಾದಾಗ ರೊಸ್ಸಿಯು ಪಕ್ಕದ ಸಾವ್ ಡೊಮಿಂಗುಷ್ ಚರ್ಚಿನೊಳಗೆ ಹೋಗಿ ಕುಳಿತುಕೊಳ್ಳಿ. 1959ರ ಬೆಂಕಿಯಲ್ಲಿ ಸುಟ್ಟ ಕಂಬಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕಾವಿಗೆ ಸಿಡಿದ ಕಲ್ಲಿನ ಚಕ್ಕೆಗಳು ಎದ್ದ ಗುರುತನ್ನು ಕೈಯಿಂದ ಮುಟ್ಟಿ ನೋಡಬಹುದು. ಪ್ರವೇಶಕ್ಕೆ ಹಣವಿಲ್ಲ, ನೂಕುನುಗ್ಗಲೂ ಇರಲಿಲ್ಲ. ಕಾರ್ಮು ಮಠಕ್ಕೆ ಮಾತ್ರ ಮಳೆಯಲ್ಲಿ ಹೋಗಬೇಡಿ. 1755ರ ಭೂಕಂಪದಲ್ಲಿ ಬಿದ್ದ ಅದರ ಚರ್ಚಿನ ನಡುಭಾಗದ ಚಾವಣಿಯನ್ನು ಮತ್ತೆ ಹಾಕಿಲ್ಲ.

ಜೆರೋನಿಮುಷ್ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ. 1498ರಲ್ಲಿ ನಮ್ಮ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದವನು ಎಂಬ ಕುತೂಹಲ ನನಗಿತ್ತು. ಆದರೆ ಹೊರಗಿನ ಸಾಲಿಗೆ ಮಳೆಯಿಂದ ಮರೆಯಿಲ್ಲ. ಗುಂಪು ನನಗೆ ಆಗಿಬರುವುದಿಲ್ಲವಾದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನವೇ ಹೋಗಿ ನಿಂತೆವು. ನೀವೂ ಹಾಗೆಯೇ ಮಾಡಿ. 28ನೇ ನಂಬರಿನ ಹಳದಿ ಟ್ರಾಮನ್ನು ಮಾರ್ಟಿಂ ಮೊನಿಜ್ ನಿಲ್ದಾಣದಲ್ಲಿ ಹತ್ತಲು ಹೋದರೆ ಉದ್ದನೆಯ ಸಾಲು, ಒಳಗೆ ಜೇಬುಗಳ್ಳರ ಕಾಟ. ಇನ್ನೊಂದು ತುದಿಯ ಕಾಂಪು ದ ಓರಿಕೆಯಲ್ಲಿ ಹತ್ತಿದರೆ ಕಿಟಕಿಯ ಪಕ್ಕದ ಸೀಟು ಸಿಗುವ ಸಂಭವ ಹೆಚ್ಚು, ಇಳಿಜಾರುಗಳನ್ನೆಲ್ಲ ಅದೇ ಇಳಿಸುತ್ತದೆ.