ಒಂದು ರಾತ್ರಿಯ ಊಟ, ಮುಗಿಯದ ಚರ್ಚೆ

ತಮ್ಮ ಮತ್ತು ಅವನ ಹೆಂಡತಿ ಅಮೆರಿಕದ ಫ್ಲಾರಿಡಾದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಹುಬ್ಬಳ್ಳಿಗೆ ಮರಳಿ ಎರಡು ವಾರಗಳಾದವು. ಅಲ್ಲಿಯ ರಸ್ತೆ, ಚಳಿ, ಅಂಗಡಿ, ಮೊಮ್ಮಗನ ಶಾಲೆ ಎಲ್ಲದರ ಬಗ್ಗೆಯೂ ಗಂಡ ಹೆಂಡತಿಯ ಮಾತು ಒಂದೇ ಆಗಿದೆ. ಒಂದು ರಾತ್ರಿಯ ಊಟದ ವಿಷಯ ಬಂದಾಗ ಮಾತ್ರ ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಉಂಡು ಬಂದವರಂತೆ ಮಾತಾಡುತ್ತಾರೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಆ ಚರ್ಚೆ ಮತ್ತೆ ಎದ್ದು, ವಿಡಿಯೋ ಕರೆಯಲ್ಲಿ ಮಗಳೂ ಸೇರಿಕೊಂಡು, ಕೊನೆಗೆ ಎಂಬತ್ತನಾಲ್ಕು ವರ್ಷದ ನಮ್ಮವ್ವನ ಮುಂದೆ ನ್ಯಾಯಕ್ಕೆ ಬಂದಿತು. ಅವ್ವ ಇಪ್ಪತ್ತಾರು ವರ್ಷ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸಿದವಳು. ಊಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವಳ ಮಾತಿಗೆ ಇರುವ ತೂಕ ಬೇರೆ ಯಾರ ಮಾತಿಗೂ ಇಲ್ಲ.

ಆ ಊಟ ನಡೆದದ್ದು ಒರ್ಲಾಂಡೊ ನಗರದ ಹತ್ತಿರವಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ. 1971ರ ಅಕ್ಟೋಬರ್‌ನಲ್ಲಿ ತೆರೆದ ಆ ಮನರಂಜನಾ ಉದ್ಯಾನದ ಆವರಣದಲ್ಲಿ ಹಲವು ವಸತಿಗೃಹಗಳಿವೆ. ಅವುಗಳಲ್ಲಿ ಗ್ರ್ಯಾಂಡ್ ಫ್ಲೋರಿಡಿಯನ್ ಎಂಬುದು ಬಿಳಿ ಗೋಡೆ, ಕೆಂಪು ಮಾಡುಗಳ ದೊಡ್ಡ ಕಟ್ಟಡ. ಕೆರೆಯ ದಂಡೆಯ ಮೇಲಿದ್ದು, ಮಕ್ಕಳು ಹಂಬಲಿಸುವ ಅರಮನೆಯಿರುವ ಮ್ಯಾಜಿಕ್ ಕಿಂಗ್‌ಡಮ್‌ಗೆ ಅಲ್ಲಿಂದ ಮೊನೊರೈಲಿನಲ್ಲಿ ಹೋಗಬಹುದು. ಆ ವಸತಿಗೃಹದೊಳಗೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ಸ್ ಎಂಬ ರೆಸ್ಟೋರೆಂಟ್ ಇದೆ. ಎರಡೂ 1988ರಲ್ಲಿ ಆರಂಭವಾದವು. ರಾತ್ರಿಯ ಊಟ ಮಾತ್ರ ಬಡಿಸುವ, ಒಂದಾದ ಮೇಲೊಂದರಂತೆ ಸಣ್ಣ ಸಣ್ಣ ತಟ್ಟೆಗಳು ಬಂದು ಊಟಕ್ಕೆ ಮೂರು ತಾಸು ಹಿಡಿಯುವ ಜಾಗ ಅದು. ಒಬ್ಬ ಸಂಗೀತಗಾರ್ತಿ ಹಾರ್ಪ್ ಎಂಬ ತಂತಿವಾದ್ಯ ನುಡಿಸುತ್ತಿರುತ್ತಾಳೆ. ಜೀನ್ಸ್, ಚಡ್ಡಿ, ಆಟದ ಬೂಟು ತೊಟ್ಟು ಹೋಗುವಂತಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿ 2022ರ ಜುಲೈನಲ್ಲಿ ಮತ್ತೆ ತೆರೆದಾಗ ಮುಖ್ಯ ಕೋಣೆಯಲ್ಲಿ ತಲೆಗೆ 295 ಡಾಲರ್ ದರವಿತ್ತು. ತೆರಿಗೆ, ಬಕ್ಷೀಸು, ಪಾನೀಯ ಎಲ್ಲ ಬೇರೆ.

ತಮ್ಮನ ಸಿಟ್ಟು ಆರಂಭವಾಗುವುದು ಈ ಸಂಖ್ಯೆಯಿಂದ. 295 ಡಾಲರ್ ಎಂದರೆ ಹತ್ತಿರ ಹತ್ತಿರ 25 ಸಾವಿರ ರೂಪಾಯಿ. ಮೂವರು ಉಂಡರು. ದುಡ್ಡು ಕೊಟ್ಟವಳು ಮಗಳಾದರೂ ತಂದೆಯ ಮನಸ್ಸು ಆ ಲೆಕ್ಕವನ್ನು ಬಿಡಲಾರದು. ಆದರೆ ಅವನ ತಕರಾರು ಬರೀ ದುಡ್ಡಿನದೆಂದು ಹೇಳಿದರೆ ಅವನಿಗೆ ಅನ್ಯಾಯ ಮಾಡಿದಂತೆ. ಆ ಜಾಗಕ್ಕೆ ತನ್ನದೆಂಬುದು ಏನೂ ಇಲ್ಲ ಎನ್ನುತ್ತಾನೆ ಅವನು. ಹೆಸರು ಇಂಗ್ಲೆಂಡಿನ ರಾಣಿ ಮತ್ತು ಅವಳ ಗಂಡನದು. ಕಟ್ಟಡದ ಮಾದರಿ 1888ರಲ್ಲಿ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ತೆರೆದ ಹೋಟೆಲ್ ಡೆಲ್ ಕೊರೊನಾಡೊ ಮತ್ತು ಆ ಕಾಲದ ಅಂಥ ಹೋಟೆಲುಗಳದು. ಪದಾರ್ಥಗಳು ದೇಶ ದೇಶಗಳಿಂದ ಬಂದವು. ಹೀಗಿರುವಾಗ ಫ್ಲಾರಿಡಾದ ಮಣ್ಣಿನಲ್ಲಿ ಬೆಳೆದದ್ದು, ಆ ಊರಿನ ಅಜ್ಜಿಯರು ಅಡುಗೆ ಮಾಡಿದ್ದು ಎಲ್ಲಿದೆ ಎಂಬುದು ಅವನ ಪ್ರಶ್ನೆ. ನಮ್ಮಲ್ಲಿ ಜೋಳ ಬೆಳೆಯುವ ಎರೆಮಣ್ಣು ಇದೆ, ಆದ್ದರಿಂದ ರೊಟ್ಟಿ ಇದೆ. ಶೇಂಗಾ, ಅಗಸಿ, ಗುರೆಳ್ಳು ಇವೆ, ಆದ್ದರಿಂದ ಚಟ್ನಿಪುಡಿ ಇದೆ. ಊಟಕ್ಕೂ ನೆಲಕ್ಕೂ ಹೀಗೊಂದು ನಂಟು ಕಾಣದಿದ್ದರೆ ಅದು ಎಷ್ಟೇ ನಾಜೂಕಾಗಿದ್ದರೂ ತನಗೆ ರುಚಿಸದು ಎಂದು ಅವನು ಹೇಳುವಾಗ ನನಗೆ ಒಪ್ಪಿಗೆಯಾಗುತ್ತದೆ. ಉಂಡು ಬಂದ ಒಂದು ತಿಂಗಳೊಳಗೆ ಒಂದು ಪದಾರ್ಥದ ಹೆಸರೂ ತನಗೆ ನೆನಪಿಲ್ಲ ಎಂದೂ ಅವನು ಹೇಳಿದ.

ಅವನ ಹೆಂಡತಿಗೆ ಎಲ್ಲವೂ ನೆನಪಿದೆ. ಇಳಕಲ್ ಸೀರೆ ಉಟ್ಟು ಹೋದದ್ದು, ಬಾಗಿಲಲ್ಲಿ ಹೆಸರು ಹಿಡಿದು ಸ್ವಾಗತಿಸಿದ್ದು, ಅವಳ ಹೆಸರನ್ನೇ ಮುದ್ರಿಸಿದ ಊಟದ ಪಟ್ಟಿಯನ್ನು ಕೈಗೆ ಕೊಟ್ಟದ್ದು, ಎಲ್ಲವನ್ನೂ ಅವಳು ಕ್ರಮವಾಗಿ ಹೇಳುತ್ತಾಳೆ. ಆ ಪಟ್ಟಿಯನ್ನು ಸೀರೆಯ ಮಡಿಕೆಯೊಳಗಿಟ್ಟು ಹುಬ್ಬಳ್ಳಿಯವರೆಗೆ ತಂದಿದ್ದಾಳೆ. ನಮ್ಮದು ಮಾಂಸ, ಮೊಟ್ಟೆ ಮುಟ್ಟದ ಮನೆತನ, ಇವಳಿಗೆ ಅಣಬೆಯೂ ಆಗದು. ಮಗಳು ಮುಂಗಡವಾಗಿ ತಿಳಿಸಿದ್ದರಿಂದ ಇವರಿಗೆ ಪೂರ್ತಿ ಬೇರೆಯದೇ ಸಸ್ಯಾಹಾರದ ಊಟ ಸಿದ್ಧವಾಗಿತ್ತು. ಮೂರು ತಿಂಗಳಲ್ಲಿ ಹೋದ ಕಡೆಯಲ್ಲೆಲ್ಲ ಬೇರೆಯವರ ತಟ್ಟೆಯಿಂದ ಮಾಂಸ ತೆಗೆದು ಉಳಿದದ್ದನ್ನು ಕೊಟ್ಟಂಥ ಊಟವನ್ನೇ ಉಂಡಿದ್ದ ತನಗೆ, ತನಗಾಗಿಯೇ ಯೋಚಿಸಿ ಮಾಡಿದ ಅಡುಗೆ ಸಿಕ್ಕಿದ್ದು ಅಲ್ಲಿ ಮಾತ್ರ ಎಂದು ಅವಳು ಹೇಳುವಾಗ ಅವಳ ದನಿ ಬದಲಾಗುತ್ತದೆ. ಪರದೇಶದಲ್ಲಿ ಸಸ್ಯಾಹಾರಿಯಾಗಿ ನಾಲ್ಕು ದಿನ ಕಳೆದವರಿಗೆ ಈ ಮಾತಿನ ಆಳ ತಿಳಿದೀತು.

ಅವಳು ಬಹಳ ಹೊತ್ತು ವರ್ಣಿಸಿದ್ದು ಕೊನೆಯಲ್ಲಿ ಬಂದ ಕಾಫಿಯನ್ನು. ಅದನ್ನು ಒಳಗೆ ಮಾಡಿ ತರುವುದಿಲ್ಲ. ಒಂದರ ಮೇಲೊಂದು ಗಾಜಿನ ಬುರುಡೆಗಳಿರುವ ಪಾತ್ರೆಯನ್ನು ಮೇಜಿನ ಬಳಿಗೇ ತಂದು ಕೆಳಗೆ ಉರಿ ಹಚ್ಚುತ್ತಾರೆ. ಕೆಳಗಿನ ಬುರುಡೆಯ ನೀರು ಕಾದಂತೆ ಉಗಿಯ ಒತ್ತಡಕ್ಕೆ ನೀರು ಕೊಳವೆಯಲ್ಲಿ ಮೇಲೇರಿ ಕಾಫಿಪುಡಿಯನ್ನು ಸೇರುತ್ತದೆ. ಉರಿ ತೆಗೆದೊಡನೆ ಕೆಳಗಿನ ಉಗಿ ತಣಿದು ನೀರಾಗಿ, ಅಲ್ಲಿ ತೆರವಾದ ಜಾಗ ಮೇಲಿನ ಕಾಫಿಯನ್ನು ಸೋಸುಗದ ಮೂಲಕ ಕೆಳಗೆ ಎಳೆದುಕೊಳ್ಳುತ್ತದೆ. ಅವ್ವ ಇದನ್ನು ಎರಡು ಸಲ ಹೇಳಿಸಿಕೊಂಡಳು. ಹಿತ್ತಾಳೆಯ ಫಿಲ್ಟರಿನಲ್ಲಿ ಕಾಫಿ ಇಳಿಯಲು ಕಾಯುವುದನ್ನು ಬಲ್ಲವಳಿಗೆ ಮೇಲೆ ಹತ್ತಿ ಕೆಳಗಿಳಿಯುವ ಕಾಫಿ ಹೊಸದು.

ಆ ಮೇಲೆ ಮಗಳ ಅಭಿಪ್ರಾಯ. ಉದ್ಯಾನದ ಆವರಣದಲ್ಲಿರುವ ರೆಸ್ಟೋರೆಂಟ್ ಎಂದಾಕ್ಷಣ ಅದನ್ನು ಹಗುರವಾಗಿ ನೋಡುವುದು ಸರಿಯಲ್ಲ ಎಂಬುದು ಅವಳ ವಾದ. ಅಮೆರಿಕದ ವಾಹನ ಸವಾರರ ಸಂಘ ಕೊಡುವ ಐದು ವಜ್ರಗಳ ಮನ್ನಣೆ ಅದಕ್ಕೆ 2000ನೇ ಇಸವಿಯಿಂದ ಸಿಗುತ್ತ ಬಂದಿದೆ. 2024ರಲ್ಲಿ ಮಿಶೆಲಿನ್ ಕೈಪಿಡಿ ಒಂದು ನಕ್ಷತ್ರ ಕೊಟ್ಟಿತು. ಮಿಶೆಲಿನ್ ಎಂಬುದು ಫ್ರಾನ್ಸಿನ ಟಯರ್ ಕಂಪನಿ. ಕಾರಿನವರು ಹೆಚ್ಚು ಹೆಚ್ಚು ಊರು ಸುತ್ತಲಿ ಎಂದು 1900ರಲ್ಲಿ ಹೊರತಂದ ಕೈಪಿಡಿ ಮುಂದೆ ಜಗತ್ತಿನ ಅಡುಗೆಯವರೆಲ್ಲ ಎದುರುನೋಡುವ ಪುಸ್ತಕವಾಯಿತು. ಎರಡು ಮನ್ನಣೆಗಳೂ ಹುಟ್ಟಿದ್ದು ದಾರಿಹೋಕರಿಗಾಗಿ ಎಂಬ ಸಂಗತಿ ನನಗೆ ಬಹಳ ಹಿಡಿಸಿತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಯಾವ ಧಾಬಾದ ಮುಂದೆ ಲಾರಿಗಳು ಸಾಲುಗಟ್ಟಿವೆ ಎಂದು ನೋಡಿ ಊಟಕ್ಕೆ ಇಳಿಯುವ ನಮ್ಮ ರೂಢಿಗೂ ಅದಕ್ಕೂ ಮೂಲದಲ್ಲಿ ದೂರವಿಲ್ಲ.

ನಕ್ಷತ್ರ, ವಜ್ರಗಳಿಂದ ತಮ್ಮ ಕದಲಲಿಲ್ಲ. ಅವನು ತನ್ನ ಕೊನೆಯ ಮತ್ತು ಬಲವಾದ ಮಾತನ್ನು ಆಗ ಹೇಳಿದ. ಮಕ್ಕಳಿಗಾಗಿಯೇ ಕಟ್ಟಿದ ಆ ಊರಿನಲ್ಲಿ ಆರು ವರ್ಷದ ಮೊಮ್ಮಗನನ್ನು ಮನೆಯಲ್ಲಿ ತಂದೆಯ ಜೊತೆ ಬಿಟ್ಟು, ತಾವು ಮೂವರು ಹೋಗಿ ಉಂಡು ಬರಬೇಕಾಯಿತು. ಹೊರಡುವಾಗ ಹುಡುಗ ಬಾಗಿಲವರೆಗೆ ಬಂದು ನಿಂತಿದ್ದನಂತೆ. ನಮ್ಮ ಯಾವ ಪಂಕ್ತಿಯಲ್ಲಿ ಮಕ್ಕಳನ್ನು ಎಬ್ಬಿಸಿ ದೊಡ್ಡವರನ್ನು ಕೂಡಿಸುತ್ತಾರೆ, ಜಾತ್ರೆಯ ಪ್ರಸಾದಕ್ಕಾಗಲಿ ಮದುವೆಯ ಊಟಕ್ಕಾಗಲಿ ಮೊದಲು ಕೂಡುವುದು ಮಕ್ಕಳಲ್ಲವೇ ಎಂದು ಅವನು ಕೇಳಿದಾಗ ನಾನು ಪೂರ್ತಿಯಾಗಿ ಅವನ ಕಡೆಗಾದೆ. ಸಿದ್ಧಾರೂಢ ಮಠದ ದಾಸೋಹದಲ್ಲಿ ಕೂತು ಬೆಳೆದವರಿಗೆ, ಇಷ್ಟು ವಯಸ್ಸಾದವರು ಮಾತ್ರ ಒಳಗೆ ಬನ್ನಿ ಎನ್ನುವ ಊಟದ ಮನೆ ಮನಸ್ಸಿಗೆ ಒಗ್ಗುವುದಿಲ್ಲ.

ಅವ್ವ ಅಷ್ಟು ಹೊತ್ತು ಸುಮ್ಮನಿದ್ದವಳು ಆಗ ಬಾಯಿ ಬಿಟ್ಟಳು. ಅವಳು ಅಭಿಪ್ರಾಯ ಹೇಳಲಿಲ್ಲ, ಪ್ರಶ್ನೆ ಕೇಳಿದಳು.

"ರಾತ್ರಿಗೆ ಎಷ್ಟ ಪಂಕ್ತಿ ಆಗ್ತಾವು?"

ಕೂತವರು ಮೂರು ತಾಸು ಕೂಡುತ್ತಾರೆಂದ ಮೇಲೆ ಪಂಕ್ತಿಗಳ ಮಾತೇ ಬರುವುದಿಲ್ಲ ಎಂದು ತಮ್ಮನ ಹೆಂಡತಿ ವಿವರಿಸಿದಳು.

"ಮತ್ತ ನಿಮಗ ಬಡಸಾವ್ರು ಎಷ್ಟ ಮಂದಿ?"

ತಾವು ಕೂತ ಮೇಜಿನ ಮೇಲೆ ಇಬ್ಬರು ಕಣ್ಣಿಟ್ಟಿದ್ದರು ಎಂದಳು. ಒಳಗೆ ಅಡುಗೆಯವರು ಬೇರೆ, ಪಾತ್ರೆ ತೊಳೆಯುವವರು ಬೇರೆ.

"ಅಣಬಿ ಒಲ್ಲೆ ಅಂತ ಮೊದಲ ಹೇಳಿದ್ದು ಕಡೀತನಾ ನೆನಪಿಟ್ರೇನು?"

ನೆನಪಿಟ್ಟಿದ್ದರು. ಒಂದು ತಟ್ಟೆಯೂ ತಪ್ಪಿ ಬರಲಿಲ್ಲ.

ಅವ್ವ ತಲೆಯಾಡಿಸಿದಳು. ಆ ಮೂರು ಪ್ರಶ್ನೆಗಳ ಹಿಂದಿನ ಲೆಕ್ಕ ನನಗೆ ತಿಳಿಯಿತು, ಏಕೆಂದರೆ ಶಾಲೆ ಮುಗಿಸಿ ಬಂದು ಗಲ್ಲೆಯ ಮೇಲೆ ಕೂಡುತ್ತಿದ್ದವನು ನಾನೇ. ಆ ರೆಸ್ಟೋರೆಂಟ್ ತೆರೆದ 1988ರಲ್ಲಿ ನಮ್ಮ ಖಾನಾವಳಿಯಲ್ಲಿ ಊಟಕ್ಕೆ ಐದು ರೂಪಾಯಿ ಇತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಅನ್ನ, ಸಾರು, ರೊಟ್ಟಿ ಬೇಕಾದಷ್ಟು. ಇಪ್ಪತ್ತನಾಲ್ಕು ಮಂದಿ ಕೂಡುವ ಜಾಗದಲ್ಲಿ ಮಧ್ಯಾಹ್ನ ನಾಲ್ಕು ಪಂಕ್ತಿಗಳಾದರೆ ಆ ದಿನ ಉಳಿತಾಯ, ಮೂರಾದರೆ ಬರೀ ಜೋಳ ಕಟ್ಟಿಗೆಯ ಖರ್ಚು ಬರುತ್ತಿತ್ತು. ಉಂಡವರು ಬೇಗ ಏಳದಿದ್ದರೆ ನಮಗೆ ಹಾನಿ. ಬಡಿಸಲು ಒಬ್ಬ ಹುಡುಗ, ರೊಟ್ಟಿ ಬಡಿಯಲು ಇಬ್ಬರು ಹೆಂಗಸರು. ಆದರೂ ಸೋಮವಾರ ಯಾರು ಒಪ್ಪತ್ತು, ಯಾವ ರೈಲ್ವೆ ನೌಕರನಿಗೆ ಹಲ್ಲಿಲ್ಲದ್ದರಿಂದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡಬೇಕು, ದವಾಖಾನೆಯಲ್ಲಿ ರೋಗಿಯನ್ನಿಟ್ಟುಕೊಂಡು ಬಂದ ಯಾವ ಹಳ್ಳಿಯವನು ದುಡ್ಡಿಲ್ಲದೆ ಅರ್ಧ ಹೊಟ್ಟೆಗೆ ಎದ್ದುಬಿಡುತ್ತಾನೆ ಎಂಬುದೆಲ್ಲ ಅವ್ವನಿಗೆ ಒಲೆಯ ಮುಂದೆ ಕೂತಲ್ಲಿಂದಲೇ ಗೊತ್ತಿರುತ್ತಿತ್ತು. ಉಣ್ಣುವವನ ಮೇಲೆ ಇಡುವ ಆ ಗಮನಕ್ಕೆ ನಾವು ಎಂದೂ ದರ ಹಚ್ಚಲಿಲ್ಲ, ಹಚ್ಚಲು ಆಗುತ್ತಲೂ ಇರಲಿಲ್ಲ. ಆದರೆ ಅದಕ್ಕೆ ತಗಲುವ ಕೈಗಳ ಲೆಕ್ಕ ಅವಳಿಗೆ ಗೊತ್ತು. ಮೂವರಿಗೆ ಇಬ್ಬರು ಬಡಿಸಿ, ಒಂದು ಮೇಜನ್ನು ಮೂರು ತಾಸು ಬಿಟ್ಟುಕೊಟ್ಟರೆ ಆ ಊಟದ ಬೆಲೆ ಎಷ್ಟಾಗಬೇಕೆಂದು ಅವಳು ಮನಸ್ಸಿನಲ್ಲೇ ಕೂಡಿ ನೋಡಿದ್ದಳು. "ರೊಕ್ಕ ಹೆಚ್ಚಾತು ಅನಬ್ಯಾಡ. ಅಷ್ಟ ಕೈ ಹಚ್ಚಿದ ಮ್ಯಾಲೆ ಅಷ್ಟ ಆಗತೈತಿ," ಎಂದಳು.

ಬೆಲೆಯ ಮಾತು ಅಲ್ಲಿಗೆ ನಿಂತಿತು. ನನ್ನ ಮಟ್ಟಿಗಂತೂ ನಿಂತಿತು. ಅಂಥ ಊಟ ಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ, ಆದರೆ ಬೇಕೆನ್ನುವವರಿಗೆ ಅದು ಮೋಸದ ಬೆಲೆಯಲ್ಲ ಎಂದು ನಾನೂ ಈಗ ಒಪ್ಪುತ್ತೇನೆ. ನೆಲದ ನಂಟಿಲ್ಲ ಎಂಬ ತಮ್ಮನ ಮಾತನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಲೋಕದ ಮೂಲೆ ಮೂಲೆಗಳಿಂದ ಒಂದೊಂದು ರಾತ್ರಿಗೆ ಬಂದು ಹೋಗುವ ಜನರಿಗೆ ಅಡುಗೆ ಮಾಡುವವರು ಯಾವ ನೆಲವನ್ನು ತಮ್ಮದೆನ್ನಬೇಕು ಎಂದು ಮಗಳು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರ ಹುಟ್ಟಲಿಲ್ಲವಾದರೂ ಮನಸ್ಸು ಒಪ್ಪಲಿಲ್ಲ.

ಮಕ್ಕಳ ವಿಷಯ ಉಳಿದಿತ್ತು. ಅದರಲ್ಲಿ ಅವ್ವ ನಮ್ಮ ಕಡೆಗೇ ಬರುತ್ತಾಳೆಂದು ನಾನೂ ತಮ್ಮನೂ ನಂಬಿದ್ದೆವು. ಮರಿಮೊಮ್ಮಗನೆಂದರೆ ಅವಳಿಗೆ ಪ್ರಾಣ. ಆದರೆ ಅವಳು ಫೋನಿನ ಪರದೆಯಲ್ಲಿದ್ದ ಮೊಮ್ಮಗಳನ್ನು ನೋಡಿ, "ನೀ ಹಿಂಗ ಕೂತು ಉಂಡು ಎಷ್ಟ ದಿನ ಆಗಿತ್ತವ್ವಾ?" ಎಂದು ಕೇಳಿದಳು.

ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗ ಹುಟ್ಟಿದ ಮೇಲೆ ಅದೇ ಮೊದಲು ಎಂದಳು. ಆರು ವರ್ಷಗಳಲ್ಲಿ ತಟ್ಟೆಯ ಬಿಸಿ ಆರುವ ಮೊದಲು, ನಡುವೆ ಏಳದೆ, ಬೇರೆಯವರ ಬಾಯಿಗೆ ತುತ್ತು ಇಡದೆ ಉಂಡದ್ದು ಆ ಒಂದು ರಾತ್ರಿ. ಅರವತ್ತು ದಿನ ಮೊದಲು, ಸ್ಥಳ ಕಾಯ್ದಿರಿಸುವ ಅವಕಾಶ ತೆರೆದ ಬೆಳಿಗ್ಗೆಯೇ ಎದ್ದು ಕೂತು ಆ ಮೇಜನ್ನು ಹಿಡಿದಿದ್ದಳಂತೆ. ತನ್ನ ತಂದೆ ತಾಯಿಗಾಗಿ ಎಂದು ಅವಳು ನಮಗೆಲ್ಲ ಹೇಳಿದ್ದಳು.

ಅವ್ವ ತಮ್ಮನ ಕಡೆ ತಿರುಗಿದಳು. "ಮಂದಿ ಎಲ್ಲಾ ಉಂಡ ಎದ್ದ ಮ್ಯಾಲೆ ನಾ ಒಲಿ ಮುಂದ ನಿಂತ ಉಂಡೀನಿ, ಬಗಲಾಗ ನಿನ್ನ ಎತ್ಗೊಂಡು. ಆಕಿ ಒಂದ ರಾತ್ರಿ ಕೂತು ಉಂಡ್ಳು. ಉಣ್ಣಲಿ ಬಿಡೋ."

ತಮ್ಮ ಏನೂ ಹೇಳಲಿಲ್ಲ. ಇಪ್ಪತ್ತಾರು ವರ್ಷ ಗಲ್ಲೆಯ ಬದಿಯಿಂದ ಆ ಒಲೆಯನ್ನು ನೋಡಿದ ನಾನು, ಅವ್ವ ಏನು ಉಂಡಳು, ಯಾವಾಗ ಉಂಡಳು ಎಂದು ಒಮ್ಮೆಯೂ ಕೇಳಿದ ನೆನಪಿಲ್ಲ. ಎಲ್ಲರ ಊಟದ ಲೆಕ್ಕ ಬರೆದ ವಹಿಯಲ್ಲಿ ಅವಳ ಊಟದ ಲೆಕ್ಕ ಇರಲಿಲ್ಲ.

ಕರೆ ಮುಗಿದ ಮೇಲೆ ಅವ್ವ ಹೆಸರು ಮುದ್ರಿಸಿದ ಆ ಪಟ್ಟಿಯನ್ನು ಕೇಳಿ ತರಿಸಿಕೊಂಡಳು. ಇಂಗ್ಲಿಷು ಓದಲು ಬಾರದಿದ್ದರೂ, ಸೊಸೆಯ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಾಡಿಸಿ, ದಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಡುಗೆಮನೆಯಲ್ಲಿ ಹೆಂಚು ಕಾದಿತ್ತು. ತಮ್ಮನ ಹೆಂಡತಿ ರೊಟ್ಟಿ ಬಡಿಯಲು ಏಳುವಷ್ಟರಲ್ಲಿ ತಮ್ಮ ಎದ್ದು ಅವ್ವನ ಮುಂದೆ ತಟ್ಟೆ ಇಟ್ಟ, ನನಗೂ ಅವನ ಹೆಂಡತಿಗೂ ಕೂಡಲು ಹೇಳಿದ. ಬಡಿಸುವಾಗಲೂ ಅವನು, ಹತ್ತು ವರ್ಷದ ನಿಯಮ ಮಾತ್ರ ತಪ್ಪೇ ತಪ್ಪು ಎಂದು ಹೇಳುತ್ತಲೇ ಇದ್ದ.