ಒಂದೇ ಹೆಸರು, ಎರಡು ಪವರ್‌ಸೇವ್

ಮೆಕ್ಕೆಜೋಳದ ಸೀಸನ್, ಬೆಳಗ್ಗೆ ಹನ್ನೊಂದು ಗಂಟೆ. ದಾವಣಗೆರೆ ಎಪಿಎಂಸಿಯ ನಮ್ಮ ದಲಾಲಿ ಅಂಗಡಿಯಲ್ಲಿ ರೈತರಿಗೆ ಕೊಡುವ ಒಂದು ಲೆಕ್ಕದ ಪಟ್ಟಿ ಪ್ರಿಂಟ್ ಆಗಲು ಪೂರ್ತಿ ಒಂದು ನಿಮಿಷ ಹಿಡಿಯುತ್ತಿತ್ತು. ಹಿಂದಿನ ದಿನ ಅದೇ ಪಟ್ಟಿ ಹದಿನೈದು ಸೆಕೆಂಡಿನಲ್ಲಿ ಬರುತ್ತಿತ್ತು.

"ಪಟ್ಟಿ ಬರೋದ್ರೊಳಗೆ ಮುಂದಿನ ಬೆಳೆ ಬರ್ತತಿ ಬಿಡಪ್ಪ" ಅಂದರು ಸಾಲಿನಲ್ಲಿದ್ದ ಅಜ್ಜ. ಹಮಾಲರೂ ನಕ್ಕರು.

ನಾನು ಡೇಟಾಬೇಸ್ ಮೇಲೆ ಅನುಮಾನಪಟ್ಟೆ. ಹುಡುಕಾಟ ಬೇಗ ಆಗಿಸುವ ಇಂಡೆಕ್ಸ್ ನೋಡಿದೆ, ಹಳೇ ಕಸ ಗುಡಿಸುವ ವ್ಯಾಕ್ಯೂಮ್ ಓಡಿಸಿದೆ. ಸಿಪಿಯು ಎಷ್ಟು ಬಿಜಿ ಅಂತ ತೋರಿಸುವ ಟಾಪ್ ಕಮಾಂಡ್‌ನಲ್ಲಿ 100 ಶೇಕಡ. ಅಷ್ಟು ಕೆಲಸ ಇದೆ ಅಂದುಕೊಂಡೆ. ಎಲ್ಲರ ಬೈಗುಳ ತಿಂದು ಸರ್ವರ್ ರೀಬೂಟ್ ಮಾಡಿದೆ. ಏನೂ ಬದಲಾಗಲಿಲ್ಲ. ಯಜಮಾನರು ಅಷ್ಟರಲ್ಲೇ ಹೊಸ ಸರ್ವರ್‌ಗೆ ಕೊಟೇಶನ್ ಕೇಳಿಯಾಗಿತ್ತು! ಎರಡು ವರ್ಷದಿಂದ ಯುಪಿಎಸ್ ಬ್ಯಾಟರಿ ಕೇಳುತ್ತಿದ್ದೇನೆ, ಅದಕ್ಕೆ ಮಾತ್ರ ದುಡ್ಡಿಲ್ಲ.

ಮಧ್ಯಾಹ್ನ ಸುಮ್ನೆ ಸಿಪಿಯು ಮಾಹಿತಿ ತೆಗೆದು ನೋಡಿದೆ. ನಾಲ್ಕೂ ಕೋರ್ 800 ಮೆಗಾಹರ್ಟ್ಸ್. ಓಡಬೇಕಾದ್ದು 3200. ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು. ಯಾಕಂದರೆ ಅದನ್ನು ಮಾಡಿದವನು ನಾನೇ.

ಹಿಂದಿನ ರಾತ್ರಿ, ಕರೆಂಟ್ ಹೋದಾಗ ಯುಪಿಎಸ್ ಇನ್ನೊಂದು ಹತ್ತು ನಿಮಿಷ ಎಳೆಯಲಿ ಅಂತ ಸಿಪಿಯು ವೇಗ ತೀರ್ಮಾನಿಸುವ ಗವರ್ನರ್ ಅನ್ನೋ ಸೆಟ್ಟಿಂಗನ್ನು ಕರೆಂಟ್ ಉಳಿಸುವ ಪವರ್‌ಸೇವ್‌ಗೆ ಹಾಕಿದ್ದೆ. ಬೂಟ್ ಸ್ಕ್ರಿಪ್ಟ್‌ಗೂ ಸೇರಿಸಿದ್ದೆ, ಅದಕ್ಕೇ ರೀಬೂಟ್ ಕೆಲಸಕ್ಕೆ ಬರಲಿಲ್ಲ. ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ಪವರ್‌ಸೇವ್ ಇದೆ, ಒಂದು ದಿನವೂ ನಿಧಾನ ಅನಿಸಿಲ್ಲ. ಅಲ್ಲಿ ಸಿಪಿಯು ವೇಗ ಬದಲಿಸೋದು ಇಂಟೆಲ್‌ನ ಪಿಸ್ಟೇಟ್ ಡ್ರೈವರ್. ಹೆಸರು ಪವರ್‌ಸೇವ್ ಆದರೂ ಲೋಡ್ ಬಂದರೆ ವೇಗ ಏರುತ್ತದೆ. ಅಂಗಡಿಯದು ಹಳೇ ಎಎಂಡಿ ಸಿಪಿಯು, ಅದರ ವೇಗ ಬದಲಿಸೋದು ಎಸಿಪಿಐ ಅನ್ನೋ ಬೇರೆ ಡ್ರೈವರ್. ಅಲ್ಲಿ ಪವರ್‌ಸೇವ್ ಅಂದರೆ ತೀರಾ ಕೆಳಗಿನ ವೇಗಕ್ಕೆ ಗೂಟ ಹೊಡೆದು ಕಟ್ಟಿದ ಹಾಗೆ, ಲೋಡ್ ಎಷ್ಟೇ ಬರಲಿ. ಟಾಪ್ ತೋರಿಸಿದ 100 ಶೇಕಡ ಕೂಡ ಆ 800ರಲ್ಲೇ. ರಾತ್ರಿ ಒಂದೇ ಒಂದು ಪಟ್ಟಿ ತೆಗೆದು ನೋಡಿದ್ದರೂ ಗೊತ್ತಾಗುತ್ತಿತ್ತು ಅಲ್ವಾ? ಲಾಗಿನ್ ಆಯಿತು, ಸಾಕು ಅಂತ ಮನೆಗೆ ಹೋಗಿದ್ದೆ.

ಗವರ್ನರ್ ಅನ್ನು ಲೋಡ್ ನೋಡಿ ವೇಗ ಏರಿಸುವ ಆನ್‌ಡಿಮ್ಯಾಂಡ್‌ಗೆ ಬದಲಿಸಿದೆ, ಸ್ಕ್ರಿಪ್ಟ್‌ನ ಆ ಸಾಲು ಅಳಿಸಿದೆ. ಮುಂದಿನ ಪಟ್ಟಿ ಹದಿನೈದು ಸೆಕೆಂಡಿಗೆ ಬಂತು. ಯಜಮಾನರು ಏನಾಗಿತ್ತು ಅಂತ ಕೇಳಿದರು. "ಒಂದು ಸೆಟ್ಟಿಂಗ್ ಕೆಟ್ಟಿತ್ತು, ಸರಿ ಮಾಡಿದೆ" ಅಂದೆ. ಅವರು ನನಗೆ ಮಿರ್ಚಿ ಮಂಡಕ್ಕಿ ತರಿಸಿಕೊಟ್ಟರು. ತಲೆ ತಗ್ಗಿಸಿಕೊಂಡು ತಿಂದೆ.